ಸುಮ್ಮನೆ ಕೂಡುವುದು

ನನ್ನದು ಮಾತು ಮಾರಿ ಬದುಕುವ ಕಸಬು. ಗಂಟೆ ಬಾರಿಸುವವರೆಗೆ ತರಗತಿಯಲ್ಲಿ ವಚನಗಳ ಮೇಲೆ ಮಾತನಾಡುತ್ತೇನೆ. ಮೌನದ ಮೇಲೂ ಮಾತನಾಡುತ್ತೇನೆ!

ರಾಜೇಶ್ವರದ ಮನೆಯಲ್ಲಿ ನಮ್ಮವ್ವ ಲಕ್ವಾ ಹೊಡೆದು ಕೊನೆಯ ನಾಲ್ಕು ತಿಂಗಳು ಮಾತು ಕಳೆದುಕೊಂಡಿದ್ದಳು. ಭಾನುವಾರ ಹೋಗಿ ಬದಿಗೆ ಕುಳಿತರೆ ಹತ್ತು ನಿಮಿಷಕ್ಕೇ ನನಗೆ ಚಡಪಡಿಕೆ. “ಪೇಪರು ತಿದ್ದೋದದ, ಬರ್ತೀನವ್ವಾ” ಎಂದು ಎದ್ದುಬಿಡುತ್ತಿದ್ದೆ. ಅವಳು ಕಣ್ಣಿನಲ್ಲೇ ಹೂಂ ಎನ್ನುತ್ತಿದ್ದಳು.

ಅವಳು ಹೋದ ಮೇಲೊಮ್ಮೆ ಮಂಗಳೂರಿನಲ್ಲಿ ಗೆಳೆಯರೊಬ್ಬರು ಕಾರ್ಮೆಲ್ ಸಂನ್ಯಾಸಿನಿಯರ ಮಠಕ್ಕೆ ಕರೆದೊಯ್ದರು. ಫ್ರಾನ್ಸಿನ ಪೋ ಪಟ್ಟಣದಿಂದ 1870ರಲ್ಲಿ ಹೊರಟ ಸೋದರಿಯರು ಕಟ್ಟಿದ್ದು. ಕೆಲವರು ದಾರಿಯಲ್ಲಿಯೇ ತೀರಿಕೊಂಡರು. ಬಂದು ಮುಟ್ಟಿದವರಲ್ಲಿ ಗಲಿಲಾಯದ ಹಳ್ಳಿಯ ಮರಿಯಮ್ ಒಬ್ಬಳು, ಓದುಬರಹ ಅಷ್ಟಕ್ಕಷ್ಟೆ. 1871ರಲ್ಲಿ ಇಲ್ಲಿಯೇ ವ್ರತ ತೊಟ್ಟಳು. ಮರುವರ್ಷ ಅವಳನ್ನು ಶಂಕಿಸಿ ಫ್ರಾನ್ಸಿಗೆ ಹಿಂದಕ್ಕೆ ಕಳಿಸಿದರು. 2015ರಲ್ಲಿ ರೋಮ್ ಅವಳನ್ನು ಸಂತಳೆಂದು ಸಾರಿತು.

ಈ ಪಂಥದ ಮೂಲಪುರುಷರು ಕಾರ್ಮೆಲ್ ಬೆಟ್ಟದ ವಿರಕ್ತರು. ನಮ್ಮ ಕಲ್ಯಾಣದ ಶರಣರಂತೆ ಹನ್ನೆರಡನೆಯ ಶತಮಾನದವರು. 1562ರಲ್ಲಿ ಆವಿಲಾದ ತೆರೇಸಾ ಅದಕ್ಕೆ ಹೊಸ ಜೀವ ಕೊಟ್ಟಳು. ಅವಳ ಹಾದಿಯವರು ಇಂದಿಗೂ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತುಟಿ ಬಿಚ್ಚದೆ ದೇವರೆದುರು ಕೂಡುತ್ತಾರೆ. ಬೇಡುವುದಕ್ಕಲ್ಲ, ಗೆಳೆಯನ ಸಂಗಡ ಇರುವಂತೆ ಸುಮ್ಮನೆ ಇರುವುದಕ್ಕೆ.

ಸರಳುಗಳ ಆಚೆಯಿಂದ ಹಾಡು ಕೇಳಿಸಿತು, ನಿಂತಿತು. ಗೆಳೆಯರು ಏಳಲಿಲ್ಲ, ನಾನೂ ಏಳಲಿಲ್ಲ. ಅವ್ವನ ಬದಿಗೆ ಕೂಡಬೇಕಾಗಿದ್ದ ಹೊತ್ತನ್ನು ಇಲ್ಲಿ ಕುಳಿತು ತೀರಿಸಲಾದೀತೆ? ಆಗದು. ಆದರೂ ಕುಳಿತೆ.