ಡಿಸ್ಕಿನಲ್ಲಿದ್ದ ಸೋಬಾನೆ

ಲ್ಯಾಪ್‌ಟಾಪು ನಿಧಾನವಾಯಿತು ಎಂದರೆ ಸಾಕು, ಊರಿನಲ್ಲಿ ಎಲ್ಲರೂ ವೈದ್ಯರೇ. ನಮ್ಮ ಬೇಗೂರು ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿದೆ. ಬಸ್ಸಿಗೂ ಸಲಹೆಗೂ ಇಲ್ಲಿ ಬರವಿಲ್ಲ. “ವೈರಸ್ ಸೇರ್ಕಂಡದ ಕನಾ ಮಗ” ಎಂದರು ಜೆರಾಕ್ಸ್ ಅಂಗಡಿಯ ಅಣ್ಣ. “ರ‍್ಯಾಮ್ ಹಾಕ್ಸು” ಎಂದ ಡಿಪ್ಲೊಮಾ ಓದುವ ಚಿಕ್ಕಪ್ಪನ ಮಗ. ರಿಪೇರಿಯವರು ಮುಚ್ಚಳ ತೆರೆಯುವ ಮೊದಲೇ ತೀರ್ಪು ಕೊಟ್ಟರು: “ಫಾರ್ಮ್ಯಾಟ್ ಹೊಡೆದ್ರೆ ಆಯ್ತು, ಸಾಯಂಕಾಲ ಬನ್ನಿ.”

ಫಾರ್ಮ್ಯಾಟ್ ಎಂದರೆ ಹಳೆಯದನ್ನು ಅಳಿಸಿ ಹೊಸದಾಗಿ ಶುರುಮಾಡುವುದು. ನನಗೆ ಬೇಕಾಗಿದ್ದುದು ಹಳೆಯದೇ. ಮದುವೆ ಮನೆಗಳಲ್ಲಿ ಅರಿಶಿನ ಕುಟ್ಟುವಾಗ, ಹಸೆಗೆ ಕರೆಯುವಾಗ ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳು ಹದಿನಾಲ್ಕು ಅದರಲ್ಲಿದ್ದವು. ಅಜ್ಜಿ ಈಗಿಲ್ಲ. ರೆಕಾರ್ಡ್ ಮಾಡಿದ ಫೋನೂ ಇಲ್ಲ.

ಆದ್ದರಿಂದ ಕಾರಣವನ್ನು ಒಂದೊಂದಾಗಿ ಹುಡುಕಿದೆ. ಮೊದಲು ಬಿಸಿ. ಧೂಳು ಕಟ್ಟಿ ಫ್ಯಾನಿನ ಗಾಳಿ ನಿಂತರೆ ಪ್ರೊಸೆಸರ್ ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹೆದ್ದಾರಿ ಪಕ್ಕದ ಮನೆಯಲ್ಲಿ ಧೂಳಿಗೇನು ಕಡಿಮೆ? ಬ್ರಶ್ಶಿನಿಂದ ತೆಗೆದಾಗ ಹತ್ತಿಯಂಥ ಉಂಡೆ ಬಂತು. ಯಂತ್ರ ತಣ್ಣಗಾಯಿತು, ಚುರುಕಾಗಲಿಲ್ಲ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರ್ ಸುಮ್ಮನೆ ಕೂತಿತ್ತು, ಮೆಮೊರಿ ಅರ್ಧ ಖಾಲಿ. ಡಿಸ್ಕಿನ ಎದುರು ಮಾತ್ರ 100 ಎಂಬ ಅಂಕಿ ಕದಲುತ್ತಲೇ ಇರಲಿಲ್ಲ. ಅಷ್ಟು ದುಡಿದೂ ಅದು ಓದುತ್ತಿದ್ದುದು ಚೂರುಪಾರು.

ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಸೆಕೆಂಡಿಗೆ 90. ಒಂದು ಜಾಗ ಓದಲು ಬರದಿದ್ದರೆ ಡಿಸ್ಕು ಕೈಚೆಲ್ಲುವುದಿಲ್ಲ. ತಟ್ಟೆ ಮತ್ತೆ ಅಲ್ಲಿಗೆ ಬರುವವರೆಗೆ ಕಾಯುತ್ತದೆ, ಮತ್ತೆ ಓದಲು ನೋಡುತ್ತದೆ, ಮತ್ತೆ ಕಾಯುತ್ತದೆ. ಪರದೆಯ ಮುಂದೆ ಕೂತ ನಮಗೆ ಕಾಣುವುದು ತಿರುಗುವ ಚುಕ್ಕಿಗಳು ಮಾತ್ರ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನೂ ತಾನೇ ಇಡುತ್ತದೆ. ಅದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ಉಚಿತ ತಂತ್ರಾಂಶವೊಂದರಲ್ಲಿ ಅದನ್ನು ತೆರೆದರೆ, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು 216 ಎಂದಿತ್ತು. ಮಾರನೆಯ ದಿನ 240. ಸೋಮಾರಿ ಎಂದು ನಾವು ಬೈಯುತ್ತಿದ್ದ ಯಂತ್ರ ಒಳಗೆ ಏದುಸಿರು ಬಿಡುತ್ತಿತ್ತು.

ಇಂಥ ಸ್ಥಿತಿಯಲ್ಲಿ ಮಾಡಬೇಕಾದ್ದು ರಿಪೇರಿಯಲ್ಲ, ನಕಲು. ಲಿನಕ್ಸಿನಲ್ಲಿ ಓಡುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದ ವಿವೇಕ ನನಗೆ ಬಹಳ ಹಿಡಿಸಿತು. ಅದು ಕೆಟ್ಟ ಜಾಗದೊಡನೆ ಗುದ್ದಾಡುತ್ತ ಕೂರುವುದಿಲ್ಲ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳನ್ನು ಗುರುತುಹಾಕಿ ಕೊನೆಗೆ ಉಳಿಸಿಕೊಳ್ಳುತ್ತದೆ. ಎಲ್ಲಿಯವರೆಗೆ ಬಂದೆನೆಂದು ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯಬಹುದು. ಹತ್ತು ನಿಮಿಷದ ಬ್ಯಾಟರಿಯೂ ಹೇಳದೆ ಹೋಗುವ ಕರೆಂಟೂ ಇರುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ. ಎರಡು ರಾತ್ರಿ, ಒಂದು ಹಗಲು ನಡೆಯಿತು. ನಡುವೆ ಮೂರು ಸಲ ಕರೆಂಟು ಹೋಯಿತು.

ಹದಿಮೂರು ಪದಗಳು ಪೂರ್ತಿ ಬಂದವು. ಹದಿನಾಲ್ಕನೆಯದು, ಹೆಣ್ಣು ಒಪ್ಪಿಸಿಕೊಡುವಾಗಿನದು, ಅರ್ಧಕ್ಕೆ ನಿಂತಿದೆ. ಅಜ್ಜಿ ಉಸಿರೆಳೆದುಕೊಳ್ಳುವ ಸದ್ದು ಕೇಳಿಸುತ್ತದೆ. ಆಮೇಲೆ ಏನೂ ಇಲ್ಲ.

ಡಿಸ್ಕಿನ ಜಾಗಕ್ಕೆ ಈಗ ಎಸ್‌ಎಸ್‌ಡಿ ಬಂದಿದೆ. ಅದರಲ್ಲಿ ತಿರುಗುವ ತಟ್ಟೆಯಿಲ್ಲ. ಕಾಫಿ ಸೋಸುವಷ್ಟರಲ್ಲಿ ಲ್ಯಾಪ್‌ಟಾಪು ಸಿದ್ಧ. “ನೋಡಿದ್ಯಾ, ಹೊಸ್ದರಂಗೆ ಆಗದ” ಎಂದರು ಜೆರಾಕ್ಸ್ ಅಂಗಡಿಯ ಅಣ್ಣ. ಆಗಿದೆ, ನಿಜ.

ಆ ಪದದ ಉಳಿದರ್ಧ ಅಜ್ಜಿಯ ತಂಗಿಗೆ ಬರುತ್ತದಂತೆ. ಚಿಕ್ಕಜ್ಜಿಗೆ ಈಗ ಎಪ್ಪತ್ತಾರು. ಫೋನಿನಲ್ಲಿ ಕೇಳಿದರೆ, “ಸುಮ್ ಸುಮ್ನೆ ಯಾರಾದ್ರೂ ಆ ಪದ ಹೇಳಾರಾ? ಮದ್ವ ಮನ ಇರ್ಬೇಕು” ಎಂದರು. ಅವರ ಮೊಮ್ಮಗಳ ಮದುವೆ ಮಾಘದಲ್ಲಿ. ನಾನು ಎರಡು ಫೋನು ಹಿಡಿದು ಹೋಗುತ್ತೇನೆ.