ಎರಡೆಳೆ ಸರ

ಪಕ್ಕದ ಬೀದಿಯಲ್ಲಿ ಕಳ್ಳತನವಾದ ಮರುದಿನ ಊರಿನಿಂದ ಅಮ್ಮ ಫೋನ್ ಮಾಡಿದಳು. ‘ಮನೆಗೆ ವಿಮೆ ಇದೆಯಲ್ಲಮ್ಮ, ಯಾಕೆ ಹೆದರ್ತೀಯ’ ಎಂದೆ. ಧೈರ್ಯ ಹೇಳಿಯಾದ ಮೇಲೆ, ಮೂರು ವರ್ಷದಿಂದ ಹಣ ಕಟ್ಟುತ್ತಿದ್ದ ಆ ಪಾಲಿಸಿಯನ್ನು ಮೊದಲ ಸಲ ಓದಿದೆ.

ಅದು 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’. ಬೆಂಕಿ, ನೆರೆ, ಭೂಕಂಪದಿಂದ ಮನೆಗೂ ಸಾಮಾನಿಗೂ ರಕ್ಷಣೆಯಿದೆ. ಕಳ್ಳತನ ಮಾತ್ರ ಅಂಥ ಅವಘಡದ ಕಾರಣದಿಂದಲೇ, ಅದಾದ 7 ದಿನದೊಳಗೆ ನಡೆದಿರಬೇಕು. ಸುಮ್ಮನೆ ಬೀಗ ಒಡೆದು ಒಯ್ದರೆ ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಒಡವೆಗಳನ್ನೂ ಪ್ರತ್ಯೇಕವಾಗಿ ಪಟ್ಟಿ ಮಾಡಿ ಸೇರಿಸಬೇಕು. ಒಂದು ಒಡವೆಯ ಬೆಲೆ 1 ಲಕ್ಷ ಅಥವಾ ಒಟ್ಟು ಮೊತ್ತ 5 ಲಕ್ಷ ದಾಟಿದರೆ ಮೌಲ್ಯಮಾಪಕರ ಪ್ರಮಾಣಪತ್ರ ಬೇಕು. ಲಾಕರ್‌ನಲ್ಲಿಡೋಣವೆಂದರೆ, ದರೋಡೆಯಲ್ಲಿ ಹೋದದ್ದಕ್ಕೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ಅಷ್ಟೆ.

ಆ ಶನಿವಾರವೇ ಊರಿಗೆ ಹೋಗಿ ಪಟ್ಟಿ ಬರೆಯಲು ಕೂತೆ. ಅಮ್ಮ ಅಕ್ಕಿ ಡಬ್ಬದ ತಳದಿಂದ ಗಂಟು ತೆಗೆದಳು. ನಾಲ್ಕು ಬಳೆ, ಒಂದು ಜೊತೆ ಓಲೆ, ಅಜ್ಜಿಯ ಅವಲಕ್ಕಿ ಸರ.

‘ಸರದ ಬಿಲ್ ಇದೆಯಾ?’

‘ನಮ್ಮಮ್ಮ ಕೊರಳಿಂದ ತೆಗೆದು ಹಾಕಿದ್ದಕ್ಕೆ ಬಿಲ್ ಎಲ್ಲಿಂದ ತರಲಿ?’ ಎಂದವಳು, ಏನೋ ನೆನಪಾಗಿ ಟ್ರಂಕಿನಿಂದ ಒಂದು ಹಳೆಯ ಕವರು ತಂದಳು. ಒಳಗೆ ಸಹಕಾರ ಸಂಘದ ಚಿನ್ನದ ಸಾಲದ ರಸೀದಿಗಳು. ಎಲ್ಲದರ ಮೇಲೂ ‘ಚುಕ್ತಾ’ ಮೊಹರು, ಎಲ್ಲದರಲ್ಲೂ ಸರದ ತೂಕ. ಅಪ್ಪನ ಆಪರೇಷನ್, ಬೋರ್‌ವೆಲ್, ಅಕ್ಕನ ಬಾಣಂತನ: ತಾರೀಖು ನೋಡಿದರೆ ಸಾಕು, ಕಾರಣ ಗೊತ್ತಾಗುತ್ತಿತ್ತು.

ಮೊದಲ ರಸೀದಿಗಳಲ್ಲಿ 48 ಗ್ರಾಂ. ನಾನು ಕಾಲೇಜು ಸೇರಿದ ವರ್ಷದಿಂದೀಚೆಗೆ 24.

‘ಇದು ಎರಡೆಳೆಯದಾಗಿತ್ತಾ?’

ಅಮ್ಮ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ಸ್ಕಾಲರ್‌ಶಿಪ್‌ನಲ್ಲೇ ಓದಿದೆನೆಂದು ನಾನು ಎಷ್ಟೋ ಕಡೆ ಹೇಳಿಕೊಂಡಿದ್ದೇನೆ. ಹಾಸ್ಟೆಲ್ ಫೀಸಿನ ಲೆಕ್ಕವನ್ನು ಒಮ್ಮೆಯೂ ಕೇಳಿರಲಿಲ್ಲ.

ಸೋಮವಾರ ಮೌಲ್ಯಮಾಪಕರು ಸರ ತೂಗಿ, ಅರಗು ಕಳೆದು, ಆ ದಿನದ ದರಕ್ಕೆ ಬೆಲೆ ಕಟ್ಟಿ ಸಹಿ ಹಾಕಿದರು. ಮನೆಗೆ ಬಂದು ಪಟ್ಟಿಯಲ್ಲಿ ‘ಅವಲಕ್ಕಿ ಸರ, ಒಂದೆಳೆ’ ಎಂದು ತುಂಬಿದೆ. ಪೆನ್ನು ಅಲ್ಲೇ ನಿಂತಿತು.

‘ಇನ್ನೊಂದೆಳೆ ಉಳಿಸ್ಕೋಬೇಕಿತ್ತಮ್ಮ.’

‘ಅದೆಲ್ಲಿ ಹೋಯ್ತು? ಇಲ್ಲೇ ಕೂತು ಪಟ್ಟಿ ಬರೀತಿದೆಯಲ್ಲ’ ಎಂದಳು ಅಮ್ಮ.