ಕವಿಯ ಹೆಸರಿನ ಬಡಾವಣೆಯಲ್ಲಿ ಉಸಿರಿನ ಪಾಠ

ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದತ್ತ ಸಾಗುವವರು ಗಂಗಾನಗರದ ಬಳಿ ಬಲಕ್ಕೆ ಹೊರಳಿದರೆ ಆರ್.ಟಿ. ನಗರ. ಬಸ್ಸಿನ ಫಲಕದಲ್ಲಿ ಎರಡೇ ಅಕ್ಷರಕ್ಕೆ ಇಳಿದಿರುವ ಈ ಹೆಸರಿನ ಪೂರ್ಣರೂಪ ರವೀಂದ್ರನಾಥ ಟಾಗೋರ್ ನಗರ. ಎರಡು ಸಾವಿರಕ್ಕೂ ಹೆಚ್ಚು ಹಾಡುಗಳನ್ನು ರಚಿಸಿದ ಕವಿಯ ಹೆಸರು ಹೊತ್ತ ಬಡಾವಣೆಯಲ್ಲಿ ಸಂಗೀತಕ್ಕೊಂದು ಶಾಲೆ ಇರುವುದು ಉಚಿತವೇ ಆಗಿದೆ. ಅರುಣಾ ಸುಂದರ್‌ಲಾಲ್ ಅವರು 1987ರಲ್ಲಿ ಆರಂಭಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇಲ್ಲಿದೆ. ಪಾಶ್ಚಾತ್ಯ ಸಂಗೀತವನ್ನು ಕ್ರಮಬದ್ಧವಾಗಿ ಕಲಿಸುವ ಸಂಸ್ಥೆಯಿದು.

ಸಿನಿಮಾದ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವ ತಂಡಗಳೂ ಈ ಊರಿನಲ್ಲಿ ಬೆಳೆದಿವೆ. ಅವುಗಳಲ್ಲೊಂದಾದ 'ಸ್ವರಾತ್ಮ' 2012ರಲ್ಲಿ ಹೊರತಂದ 'ಟೋಪಿವಾಲೆ' ಆಲ್ಬಮ್‌ನಲ್ಲಿ ಹಿಂದೂಸ್ತಾನಿ ಗಾಯಕಿ ಶುಭಾ ಮುದ್ಗಲ್ ಅತಿಥಿಯಾಗಿ ಹಾಡಿದ್ದಾರೆ. ಕೇಳುವವರಿಗೆ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಹಾಡಿದಂತೆ ತೋರುತ್ತದೆ. ಸ್ಟುಡಿಯೋದ ರೀತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಡ್ರಮ್, ಗಿಟಾರ್, ಕಂಠ ಎಲ್ಲವನ್ನೂ ಬೇರೆಬೇರೆಯಾಗಿ ಮುದ್ರಿಸಿ ಕೊನೆಗೆ ಬೆರೆಸುತ್ತಾರೆ. ಅತಿಥಿಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೊದಲೇ ಮುದ್ರಿಸಿದ ತಾಳಕ್ಕೆ ಹೊಂದಿಸಿ ಹಾಡಬೇಕು.

ಹಿತ್ತಾಳೆ ವಾದ್ಯಗಳು ಬಂದರೆ ಕೆಲಸ ಇನ್ನೂ ನಾಜೂಕು. ಅವುಗಳ ಸದ್ದು ಪಕ್ಕದವರ ಮೈಕಿಗೂ ನುಗ್ಗುತ್ತದೆ. ಸ್ವರ ಕೂಡಿಸುವುದೂ ಸುಲಭವಲ್ಲ. ಟ್ರಂಪೆಟ್ಟಿನ ಕೊಳವೆಯನ್ನು ಬಿಡಿಸಿದರೆ ಉದ್ದ ಸುಮಾರು ಒಂದೂವರೆ ಮೀಟರ್, ಗುಂಡಿಗಳು ಮೂರೇ. ಗುಂಡಿ ಒತ್ತಿದಾಗ ಗಾಳಿಯ ಹಾದಿ ಉದ್ದವಾಗಿ ಸ್ವರ ತಗ್ಗುತ್ತದೆ. ಉಳಿದದ್ದೆಲ್ಲ ತುಟಿಯ ಬಿಗಿತದ ಕೆಲಸ. ಜಾತ್ರೆಯಲ್ಲಿ ಕೊಂಬು, ಕಹಳೆ ಊದುವವರ ತುಟಿ ಮಾಡುವುದೂ ಇದನ್ನೇ. ಇನ್ನು ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಆದ್ದರಿಂದ ಬಿಸಿಯಾದಾಗ ಟ್ರಂಪೆಟ್ಟಿನ ಸ್ವರ ಏರುತ್ತದೆ; ಗಿಟಾರಿನ ತಂತಿ ಹಿಗ್ಗಿ ಅದರ ಸ್ವರ ಇಳಿಯುತ್ತದೆ! ಮುದ್ರಣಕ್ಕೆ ಮುನ್ನ ವಾದಕ ಸುಮ್ಮನೆ ಊದುತ್ತ ವಾದ್ಯವನ್ನು ಬೆಚ್ಚಗೆ ಮಾಡಿಕೊಳ್ಳುವುದು ಇದಕ್ಕಾಗಿಯೇ.

ಸ್ಯಾಕ್ಸೋಫೋನ್ ಹಿತ್ತಾಳೆಯದಾದರೂ ಮರದ ವಾದ್ಯಗಳ ಗುಂಪಿಗೆ ಸೇರಿದೆ. ಅಲ್ಲಿ ಕಂಪಿಸುವುದು ತುಟಿಯಲ್ಲ, ಜೊಂಡಿನ ತೆಳುಪಟ್ಟಿ. ನಾದಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದರ ದನಿ ಕೇಳಿ ಮನಸೋತರು. ಬಹುಕಾಲದ ಸಾಧನೆಯಿಂದ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 2019ರಲ್ಲಿ ತೀರಿಕೊಂಡ ಅವರು, ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ 2008ರ 'ಕಿನ್ಸ್‌ಮೆನ್' ಆಲ್ಬಮ್‌ನಲ್ಲೂ ನುಡಿಸಿದ್ದಾರೆ. ರುದ್ರೇಶ್ ಭೌತವಿಜ್ಞಾನಿಯ ಮಗ.

ಮಗುವಿನ ಕೈಯಲ್ಲಿ ವಾದ್ಯ ಕಂಡೊಡನೆ ತಂದೆತಾಯಿಯರಿಗೆ ಹುಟ್ಟುವ ಪ್ರಶ್ನೆ ಒಂದೇ: ಓದಿನ ಗತಿಯೇನು? ಆತಂಕ ಸುಳ್ಳಲ್ಲ, ಸಂಗೀತವನ್ನೇ ನಂಬಿ ಬದುಕುವುದು ಕಷ್ಟವೇ. ಆದರೆ 2008ರಲ್ಲಿ ಮೊದಲ ಆಲ್ಬಮ್ ಹೊರತಂದ ರಘು ದೀಕ್ಷಿತ್ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವೀಧರರು. ಒಂದು ಕಲಿಕೆ ಇನ್ನೊಂದರ ವೈರಿಯಾಗಲೇಬೇಕೆಂದಿಲ್ಲ.

ಗೆದ್ದವರ ಉದಾಹರಣೆ ಮಾತ್ರ ಕೊಟ್ಟರೆ ಲೆಕ್ಕ ಅರ್ಧವೇ. ಯಶವಂತಪುರದ ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್ಟಿನವನು ಊದುವುದೂ ಅದೇ ಟ್ರಂಪೆಟ್. ಅವನ ಹೆಸರು ಯಾವ ಆಲ್ಬಮ್ಮಿನ ಹೊದಿಕೆಯಲ್ಲೂ ಇರುವುದಿಲ್ಲ. ಆಲ್ಬಮ್‌ಗೆ ಕರೆಸಿಕೊಂಡ ವಾದಕನೂ ಬಹುಪಾಲು ಹೊತ್ತು ಆವರ್ತಗಳನ್ನು ಎಣಿಸುತ್ತ ಸುಮ್ಮನಿರಬೇಕು. ಸರದಿ ಬಂದಾಗ ಕೆಲವೇ ಕ್ಷಣ ಊದಿ ಮತ್ತೆ ಮೌನಕ್ಕೆ ಮರಳಬೇಕು. ಇನ್ನೊಬ್ಬರ ಹಾಡಿಗೆ ಜಾಗ ಬಿಡುವ ಈ ಸಂಯಮ ಯಾವ ಪರೀಕ್ಷೆಯ ಅಂಕಪಟ್ಟಿಯಲ್ಲೂ ಕಾಣದು.

ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕ ತಲುಪುವ ಹೊತ್ತಿಗೆ ಧನುರ್ಮಾಸದ ಬೆಳಗು ಇನ್ನೂ ತಣ್ಣಗಿರುತ್ತದೆ. ಅಂಥ ಬೆಳಗಿನಲ್ಲಿ ಹೊಸ ವಿದ್ಯಾರ್ಥಿ ಊದಿದ ಮೊದಲ ಸ್ವರ ತಗ್ಗಿದರೆ ಬೈಯಬೇಕಾಗಿಲ್ಲ. ವಾದ್ಯ ಬೆಚ್ಚಗಾಗುವವರೆಗೆ ಮನೆಯವರು ಸ್ವಲ್ಪ ಕಾದರೆ ಸಾಕು.